ಕೊಡಗು ದೇಶದ ರಾಜ್ಯಾಂಗ ವೃತ್ತಾಂತ

ಕಾವೇರೀ ನದಿಯ ಉಗಮಸ್ಥಾನವಾದ ಕೊಡಗು ದೇಶವು ವಿಸ್ತಾರದಲ್ಲಿ ಸುಮಾರು 1,600 ಚದರ ಮೈಲಿಗಳಿಗೆ ಮೀರಿದುದಲ್ಲ. 1901 ನೆಯ ಇಸವಿಯ ಖಾನೆಷುಮಾರಿಯಲ್ಲಿ ಅಲ್ಲಿ ಎಣಿಕೆಗೆ ಬಂದ ಜನರು 1,80,607 ಮಂದಿ ಮಾತ್ರ. ಇಷ್ಟು ಅಲ್ಪವಾದ ಸೀಮೆಯು 1834 ರಿಂದ 1956 ರ ವರೆಗೆ, ಎಂದರೆ 122 ವರ್ಷಗಳ ಕಾಲ, ನೆರೆಯ ಮದರಾಸು ಪ್ರಾಂತಕ್ಕಾಗಲಿ ಮೈಸೂರು ಸಂಸ್ಥಾನಕ್ಕಾಗಲಿ ಅಂಗವಾಗಿ ಸೇರದೆ, ಮೊದಲು ಕಲ್ಕತ್ತೆಯಲ್ಲಿಯೂ ಅನಂತರ ದೆಹಲಿಯಲ್ಲಿಯೂ ನೆಲೆಸಿದ್ದ ಕೇಂದ್ರಾಧಿಪತ್ಯಕ್ಕೆ ನೇರವಾಗಿ ಒಳಪಟ್ಟಿದ್ದಿತು. ಆ ಅವಧಿಯಲ್ಲಿ ಅದರ ರಾಜ್ಯಾಂಗವು ಎಷ್ಟೋ ಸಾರಿ ರೂಪಾಂತರವನ್ನು ಹೊಂದಿತು. ಪ್ರತಿಯೊಂದು ಮಾರ್ಪಾಟಿನ ಸಮಯದಲ್ಲಿಯೂ ಪ್ರಜೆಗಳ ಇಷ್ಟವೆಂಬ ಮಾತು ಯಾವುದಾದರೂ ಒಂದು ಬಗೆಯಲ್ಲಿ ಕೇಳಿಬಂದುದುಂಟು. ಆ ಇಷ್ಟವನ್ನು ಪ್ರಜೆಗಳ ಬಾಯಿಂದಲೇ ಕೇಳಿ ತಿಳಿದುಕೊಂಡುದು ಯಾವಾಗ, ಯಾವ ರೀತಿಯಲ್ಲಿ, ಎಂಬುದೇ ಇಲ್ಲಿ ವಿಚಾರಣೀಯವಾದ ಅಂಶ.

ಹಾಲೇರಿ ವಂಶದ ಕಡೆಯ ಅರಸನಾದ ಚಿಕ್ಕ ವೀರರಾಜೇಂದ್ರನ ಕಾಲದಲ್ಲಿ ಕಂಪೆನಿಯ ಸೈನ್ಯವು ಹಲವು ದಿಕ್ಕುಗಳಿಂದ ಘಟ್ಟಗಳನ್ನು ಹತ್ತಿ, 1834 ನೆಯ ಇಸವಿ ಏಪ್ರಿಲ್ 6 ನೆಯ ತಾರೀಖು ಮಡಿಕೇರಿಯನ್ನು ಪ್ರವೇಶಿಸಿತು. ನಾಲ್ಕು ದಿನಗಳ ತರುವಾಯ ಅರಸನು ಶರಣಾಗತನಾದನು. 1790 ರಲ್ಲಿ ಟಿಪ್ಪುವಿನ ಮೇಲಣ ಯುದ್ಧದ ಸಂದರ್ಭದಲ್ಲಿ ದೊಡ್ಡ ವೀರರಾಜೇಂದ್ರನು ಇದೇ ಕಂಪೆನಿಯೊಡನೆ ಮೈತ್ರಿಯ ಕೌಲನ್ನು ಮಾಡಿಕೊಂಡಿದ್ದನು. ಆ ಕೌಲಿಗೆ ಇನ್ನೂ 44 ವರ್ಷ ತುಂಬಿರಲಿಲ್ಲ. ಮೇ 7 ನೆಯ ತಾರೀಖು ಕರ್ನಲ್ ಫ್ರೇಸರನು ಹೊರಡಿಸಿದ ಪ್ರಕಟಣೆಯಲ್ಲಿ, ಕೊಡಗಿನ ನಿವಾಸಿಗಳೆಲ್ಲರೂ ಏಕಾಭಿಪ್ರಾಯದಿಂದ ಇಂಗ್ಲಿಷರ ಆಶ್ರಯವನ್ನು ಬಯಸಿರುವುದರಿಂದ ಆ ದೇಶವನ್ನು ಕಂಪೆನಿಯ ಆಡಳಿತಕ್ಕೆ ತೆಗೆದುಕೊಂಡಿರುವುದಾಗಿ ಕಾರಣವನ್ನು ಹೇಳಿದ್ದಿತು. ಮುಂದೆ ಎಂದೆಂದಿಗೂ ಅವರನ್ನು ದೇಶೀಯ ಅರಸರ ಕೈಗೆ ಒಪ್ಪಿಸುವುದಿಲ್ಲವೆಂದೂ, ಅವರ ಧರ್ಮಕ್ಕೂ ಪೂರ್ವಾಚಾರಗಳಿಗೂ ಚ್ಯುತಿಯುಂಟಾಗದೆಂದೂ ಅದೇ ಪ್ರಕಟಣೆಯು ಅಭಯವನ್ನಿತ್ತಿತು. ಚಿಕ್ಕ ವೀರರಾಜೇಂದ್ರನ ಕ್ರೌರ್ಯದಿಂದ ಬೇಸತ್ತಿದ್ದ ದಿವಾನರೂ ನಾಡ ಮುಖ್ಯಸ್ಥರೂ ಇಂಗ್ಲಿಷರನ್ನು ಸ್ವಾಗತಿಸಿದುದು ನಿಜ. ಆದರೆ ಸೈನ್ಯವು ಕೋಟೆಯೊಳಗೆ ಬೀಡುಬಿಟ್ಟಿರುವಾಗ ಕೇಳಿದ ಪ್ರಶ್ನೆಗೆ ಬಂದ ಏಕಾಭಿಪ್ರಾಯದ ಉತ್ತರವನ್ನು ಎಷ್ಟರಮಟ್ಟಿಗೆ ಪ್ರಮಾಣವಾಗಿ ಎಣಿಸಬಹುದೆಂಬುದನ್ನು ವಿವೇಕಿಗಳಾದ ವಾಚಕರೇ ಊಹಿಸಿಕೊಳ್ಳಬಹುದು.

ಸ್ವಾಧೀನಕ್ಕೆ ಬಂದ ದೇಶದಲ್ಲಿ ಆ ದೇಶದ ಆಚಾರ, ವ್ಯವಹಾರ, ಕುಲಸ್ಥಿತಿಗಳನ್ನು ಮೊದಲಿದ್ದಂತೆಯೇ ಪರಿಪಾಲಿಸತಕ್ಕದ್ದೆಂದು ಯಾಜ್ಞವಲ್ಕ್ಯ ಸ್ಮೃತಿಯ ರಾಜಧರ್ಮ ಪ್ರಕರಣವು ವಿಧಿಸಿದೆ. ಫ್ರೇಸರನು ಸ್ಮೃತಿಯನ್ನು ಓದಿದವನಲ್ಲದಿದ್ದರೂ ಮಾಡಿದ ಏರ್ಪಾಡು ಬಹುಮಟ್ಟಿಗೆ ಅದಕ್ಕೆ ಅನುಗುಣವಾಗಿಯೇ ಇದ್ದಿತು. ಸುಬೇದಾರರು, ನಾಡುಗಳ ಪಾರುಪತ್ಯಗಾರರು, ಗ್ರಾಮದ ತಕ್ಕರು ಮೊದಲಾದವರು ಹಾಗೆಯೇ ಉಳಿದರು. ಸೈನಿಕ ಸೇವೆಗೆ ಪ್ರತಿಯಾಗಿ ಕಡಿಮೆ ಕಂದಾಯಕ್ಕೆ ಅನುಭವಿಸುತ್ತಿದ್ದ ಜಮ್ಮಾ ಭೂಮಿಗಳ ಪದ್ಧತಿಯು ಮುಂದುವರಿಯಿತು. ಹಾಲೇರಿ ಅರಸರು ತಮ್ಮ ಹುಕುಂನಾಮೆಗಳನ್ನು ಬರೆಯಿಸುತ್ತಿದ್ದುದು ಕನ್ನಡದಲ್ಲಿ. ಕಚೇರಿಯ ಲೆಕ್ಕಪತ್ರಗಳು ಇಂಗ್ಲಿಷರ ಕಾಲದಲ್ಲಿಯೂ ಕನ್ನಡದಲ್ಲಿಯೇ ನಡೆದುವು. ಈ ಕಡೆಯ ಸಂಗತಿಯನ್ನು ವಾಚಕರು ನೆನಪಿನಲ್ಲಿಡುವುದು ಒಳ್ಳೆಯದು, 1955 ರ ವಿಚಾರವು ಬಂದಾಗ ಇದರ ಉಪಯೋಗವಿದೆ.

ಒಂದು ವಿಷಯದಲ್ಲಿ ಮಾತ್ರ ಪೂರ್ವಸ್ಥಿತಿಯು ಉಳಿಯಲಿಲ್ಲ. ಘಟ್ಟದ ಕೆಳಗೆ ಕೊಡಗಿನ ಅರಸರ ವಶದಲ್ಲಿದ್ದ ಅಮರ ಸುಳ್ಯ, ಪುತ್ತೂರು ಸೀಮೆಗಳನ್ನು ಕಂಪೆನಿಯವರು 1834 ರಲ್ಲಿಯೇ ಕೊಡಗಿನಿಂದ ಬೇರ್ಪಡಿಸಿ ಕೆನರಾ ಜಿಲ್ಲೆಗೆ ಸೇರಿಸಿಬಿಟ್ಟರು. ಇದನ್ನು ಆ ಸೀಮೆಯ ಜನರಲ್ಲಿ ಯಾರೂ ಬೇಡಿದ್ದಿಲ್ಲ. ಧಾನ್ಯರೂಪವಾಗಿ ಕೊಡುತ್ತಿದ್ದ ಕಂದಾಯವನ್ನು ನಗದಾಗಿಯೇ ತೆರಬೇಕೆಂಬ ನಿರ್ಬಂಧವು ಅವರ ಮೇಲೆ ಬಿದ್ದಿತು. 1837 ರಲ್ಲಿ ಕಲ್ಯಾಣಸ್ವಾಮಿಯ ಹೆಸರಿನಲ್ಲಿ ಎದ್ದು ಮಂಗಳೂರಿನ ವರೆಗೂ ನುಗ್ಗಿದ ದಂಗೆಗೆ ಇದೊಂದು ಮುಖ್ಯ ಕಾರಣವಾಯಿತು. ಏಕಾಭಿಪ್ರಾಯದ ಮಾತು ಹೊರಟು ಆಗ ಮೂರು ವರ್ಷ ಮಾತ್ರ ಸಂದಿದ್ದಿತು.

ಕೊಡಗನ್ನು ನೋಡಿಕೊಳ್ಳುವುದಕ್ಕೆ ಮಡಿಕೇರಿಯಲ್ಲಿ ಒಬ್ಬ ಸೂಪರಿಂಟೆಂಡೆಂಟನಿದ್ದನು. ಅವನ ಮೇಲೆ ಮೈಸೂರಿನ ಕಮಿಷನರನು. ಮೈಸೂರು ಸಂಸ್ಥಾನವೂ ಆಗ ಇಂಗ್ಲಿಷರ ಆಡಳಿತದಲ್ಲಿಯೇ ಇದ್ದುದರಿಂದ ಎರಡಕ್ಕೂ ಒಬ್ಬನೇ ಅಧಿಕಾರಿಯು ಸಾಕಾಗುತ್ತಿದ್ದನು. ಮಾರ್ಕ್ ಕಬ್ಬನನು ಬಹುಕಾಲ ಈ ಪದವಿಯಲ್ಲಿದ್ದನು. 1861 ರಲ್ಲಿ ಕೊಡಗರಿಗೆ ಆಯುಧಗಳನ್ನು ಇಟ್ಟುಕೊಳ್ಳುವ ಸ್ವಾತಂತ್ರ್ಯವನ್ನು ಕೊಟ್ಟವನು ಇವನೇ. 1869 ರಲ್ಲಿ ಕಮಿಷನರ ಪದವಿಗೆ ಚೀಫ್ ಕಮಿಷನರ್ ಎಂಬ ಹೆಸರು ಬಂದಿತು. 1881 ರಲ್ಲಿ ಮೈಸೂರು ರಾಜ್ಯವನ್ನು ಒಡೆಯರ ವಂಶಕ್ಕೆ ಹಿಂದಿರುಗಿಸಿದ ಮೇಲೆ ಮೈಸೂರಿನ ರೆಸಿಡೆಂಟನೇ ಪದನಿಮಿತ್ತವಾಗಿ ಕೊಡಗಿನ ಚೀಫ್ ಕಮಿಷನರನಾದನು. ಹೀಗೆ ಕೊಡಗಿನ ಪರಮಾಧಿಕಾರಿಯು ಪರರಾಜ್ಯದೊಳಗಣ ಬೆಂಗಳೂರಿನಲ್ಲಿ ವಾಸಮಾಡುತ್ತ, ಮಡಿಕೇರಿಗೆ ಅತಿಥಿಯಂತೆ ಬಂದುಹೋಗುತ್ತಿದ್ದನು. ಶಾಸನಗಳ ಗತಿಯೂ ಹೀಗೆಯೇ. 1874 ರ ಶೆಡ್ಯೂಲ್ಡ್ ಜಿಲ್ಲೆಗಳ ಕಾನೂನಿನ ಪಟ್ಟಿಯಲ್ಲಿ ಕೊಡಗಿನ ಹೆಸರಿದ್ದುದರಿಂದ ಬೇರೆ ಪ್ರಾಂತಗಳಿಗೆ ಅನ್ವಯಿಸುವ ಕಾನೂನು ಇಲ್ಲಿಗೆ ತಾನಾಗಿ ಅನ್ವಯಿಸುತ್ತಿರಲಿಲ್ಲ. ಬೇಕಾದುದನ್ನು ಆಯ್ದು ಹಚ್ಚುವುದು ಸರ್ಕಾರದ ಚಿತ್ತ. 1899 ರ ಭೂಕಂದಾಯದ ರೆಗ್ಯುಲೇಷನ್ನಿನಂಥ ಮಹತ್ತ್ವದ ಶಾಸನವು ಕೂಡ ಯಾವ ಸಭೆಯಲ್ಲಿಯೂ ಚರ್ಚೆಯಾಗದೆ ಗವರ್ನರ್ ಜನರಲನ ಅಪ್ಪಣೆಯಿಂದಲೇ ಜಾರಿಗೆ ಬಂದಿತು.

1919 ರ ಸುಧಾರಣೆಗಳು ದೊಡ್ಡ ಪ್ರಾಂತಗಳಲ್ಲಿ ಅಲ್ಪಸ್ವಲ್ಪ ಜವಾಬ್ದಾರಿ ಸರ್ಕಾರವನ್ನು ಸ್ಥಾಪಿಸಿದುವು. ಅದರ ಪ್ರತಿಧ್ವನಿಯು ಘಟ್ಟವನ್ನು ಹತ್ತುವುದಕ್ಕೆ ಐದು ವರ್ಷ ಹಿಡಿಯಿತು. 1924 ರ ಜನವರಿಯಲ್ಲಿ ಕೊಡಗಿಗೆ ಒಂದು ಲೆಜಿಸ್ಲೇಟಿವ್ ಕೌನ್ಸಿಲು ದೊರೆಯಿತು. ಅದರ ಸದಸ್ಯರು 20 ಮಂದಿ. ಅವರಲ್ಲಿ 15 ಮಂದಿ ಚುನಾಯಿತರು, ಉಳಿದ 5 ಮಂದಿ ನಾಮಕರಣದವರು. ಮತಾಧಿಕಾರವು ಭೂಮಿ ಕಾಣಿಗಳುಳ್ಳವರಿಗೆ ಸೀಮಿತವಾಗಿದ್ದಿತು. ಸಭೆಯಲ್ಲಿ ಪ್ರಶ್ನೆಗಳನ್ನು ಕೇಳಬಹುದು, ಭಾಷಣ ಮಾಡಬಹುದು, ಮಸೂದೆಯನ್ನು ಅಂಗೀಕರಿಸಲೂಬಹುದು. ಆದರೆ ಆ ಸಭೆಗೆ ಉತ್ತರ ಹೇಳಬೇಕಾದ ಮಂತ್ರಿಯೆಂಬವನು ಒಬ್ಬನೂ ಇರಲಿಲ್ಲ. ಬಾಯಿಯನ್ನು ಕೊಟ್ಟು ಕೈಯನ್ನು ಕೊಡದಂತೆ ಆಯಿತು. ಹಾಗೆಂದು ಇದನ್ನು ತೀರ ಕಡೆಗಣಿಸುವಂತೆಯೂ ಇಲ್ಲ. ಕೇಂದ್ರಾಡಳಿತದಲ್ಲಿದ್ದ ದೆಹಲಿ, ಅಜಮೇರು ಮೊದಲಾದ ಸೀಮೆಗಳಿಗೆ ಆ ಕಾಲದಲ್ಲಿ ಇಷ್ಟಾದರೂ ದೊರೆತಿರಲಿಲ್ಲ.

ಈ ಕಾಲದಲ್ಲಿಯೇ ಏಕೀಕರಣದ ಭಾವನೆಯೂ ಕೊಡಗಿನಲ್ಲಿ ಬೇರೂರತೊಡಗಿತು. ಪಂದ್ಯಂಡ ಬೆಳ್ಯಪ್ಪನವರು ‘ಕೊಡಗು’ ಎಂಬ ಕನ್ನಡ ವಾರಪತ್ರಿಕೆಯನ್ನು ನಡೆಸಿದರು. 1932 ರಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನವು ಮಡಿಕೇರಿಯಲ್ಲಿ ಡಿ. ವಿ. ಗುಂಡಪ್ಪನವರ ಅಧ್ಯಕ್ಷತೆಯಲ್ಲಿ ಸೇರಿತು. ರಾಜ್ಯಾಂಗದ ಎಲ್ಲೆಯು ಬೇರೆಯಾಗಿದ್ದರೂ ಸರಸ್ವತಿಯ ಎಲ್ಲೆಯು ಬೇರೆಯಲ್ಲವೆಂಬುದು ಅಲ್ಲಿ ನೆರೆದವರಿಗೆ ಸ್ಪಷ್ಟವಾಗಿಯೇ ಇದ್ದಿತು.

1935 ರ ಇಂಡಿಯಾ ಗವರ್ನಮೆಂಟ್ ಆಕ್ಟು ಬಂದಾಗ ಕೊಡಗಿನ ಪಾಲಿಗೆ ಆದ ಲಾಭವು ಶೂನ್ಯ. ಬಲೂಚಿಸ್ಥಾನ, ದೆಹಲಿ, ಅಜಮೇರು-ಮೇರವಾಡ, ಅಂಡಮಾನ್ ನಿಕೋಬಾರ್ ದ್ವೀಪಗಳು ಮತ್ತು ಪಂತ್ ಪಿಪ್ಲೋದಾ ಎಂಬ ಒಂದು ಸಣ್ಣ ತುಂಡು, ಇವುಗಳ ಸಾಲಿನಲ್ಲಿ ಕೊಡಗನ್ನೂ ಚೀಫ್ ಕಮಿಷನರರ ಪ್ರಾಂತವೆಂದು ಕರೆದು, ಕೌನ್ಸಿಲು ಇದ್ದ ಹಾಗೆಯೇ ಇರತಕ್ಕದ್ದೆಂದು ಅಪ್ಪಣೆ ಮಾಡಿತು. ಇದರಲ್ಲಿ ಒಂದು ವಿಚಿತ್ರವುಂಟು. 1834 ರಲ್ಲಿ ಕೊಡಗಿನಿಂದ ಕಿತ್ತು ಕೆನರಾಕ್ಕೆ ಸೇರಿಸಿದ್ದ ಸುಳ್ಯ ಪುತ್ತೂರುಗಳ ಜನರು ಮದರಾಸು ಪ್ರಾಂತದವರಾಗಿದ್ದುದರಿಂದ, 1937 ರಲ್ಲಿ ರಾಜಗೋಪಾಲಾಚಾರ್ಯರ ಜವಾಬ್ದಾರಿ ಮಂತ್ರಿಮಂಡಲವನ್ನು ಕಂಡರು. ಘಟ್ಟದ ಮೇಲೆ ಉಳಿದ ಅವರ ಬಂಧುಗಳು ಅದಕ್ಕಾಗಿ ಇನ್ನೂ 15 ವರ್ಷ ಕಾಯಬೇಕಾಯಿತು.

ಸ್ವಾತಂತ್ರ್ಯವು ಬಂದಾಗ ಚೀಫ್ ಕಮಿಷನರರ ಪೀಠದಲ್ಲಿ ಕೊಡಗಿನವರೇ ಆದ ದಿವಾನ್ ಬಹದ್ದೂರ್ ಕೇಟೋಳಿರ ಚೆಂಗಪ್ಪನವರಿದ್ದರು. ಪೀಠದ ಸ್ವರೂಪವು ಮಾತ್ರ ಬದಲಾಗಲಿಲ್ಲ. ರಾಜ್ಯಾಂಗ ರಚನಾ ಸಭೆಯಲ್ಲಿ ಕೊಡಗಿನ ಪರವಾಗಿ ಕುಳಿತವರು ಚೆಪ್ಪುಡಿರ ಮುತ್ತಣ್ಣ ಪೂಣಚ್ಚನವರು. ಚೀಫ್ ಕಮಿಷನರರ ಪ್ರಾಂತಗಳ ಭವಿತವ್ಯವನ್ನು ಆಲೋಚಿಸುವುದಕ್ಕೆ 1947 ರಲ್ಲಿ ಪಟ್ಟಾಭಿ ಸೀತಾರಾಮಯ್ಯನವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿಯು ಏರ್ಪಟ್ಟು, ದೆಹಲಿ, ಅಜಮೇರು, ಕೊಡಗುಗಳಿಗೆ ಚುನಾಯಿತ ಶಾಸನಸಭೆಯನ್ನೂ ಅದಕ್ಕೆ ಹೊಣೆಯಾದ ಮಂತ್ರಿಗಳನ್ನೂ ಕೊಡಬೇಕೆಂದು ಶಿಫಾರಸು ಮಾಡಿತು. ಆದರೆ 1950 ನೆಯ ಜನವರಿ 26 ರಂದು ಜಾರಿಗೆ ಬಂದ ಸಂವಿಧಾನದಲ್ಲಿ ಆ ಶಿಫಾರಸು ವಿಧಿಯ ರೂಪವನ್ನು ತಾಳಲಿಲ್ಲ. ಮೊದಲನೆಯ ಅನುಸೂಚಿಯ ‘ಸಿ’ ಭಾಗದಲ್ಲಿ ಎಣಿಸಿದ ಹತ್ತು ರಾಜ್ಯಗಳನ್ನು ರಾಷ್ಟ್ರಪತಿಗಳು ಚೀಫ್ ಕಮಿಷನರರ ಅಥವಾ ಲೆಫ್ಟಿನೆಂಟ್ ಗವರ್ನರರ ಮೂಲಕ ಆಳತಕ್ಕದ್ದೆಂದು 239 ನೆಯ ಅನುಚ್ಛೇದವು ಹೇಳಿತು. ಅವುಗಳಿಗೆ ಶಾಸನಸಭೆಯನ್ನು ಕೊಡುವುದನ್ನೂ ಬಿಡುವುದನ್ನೂ 240 ನೆಯದು ಪಾರ್ಲಿಮೆಂಟಿನ ವಿವೇಚನೆಗೆ ಬಿಟ್ಟಿತು.

ಈ ಹತ್ತರಲ್ಲಿ ತನ್ನ ಹೆಸರಿನಲ್ಲಿಯೇ ಒಂದು ಪ್ರತ್ಯೇಕ ಅನುಚ್ಛೇದವನ್ನು ಪಡೆದ ರಾಜ್ಯವು ಕೊಡಗು ಒಂದೇ ಎಂಬುದನ್ನು ಈಗ ಬಹುಮಂದಿ ಮರೆತಿರುವರು. 242 ನೆಯ ಅನುಚ್ಛೇದವದು. ಪಾರ್ಲಿಮೆಂಟು ಬೇರೆ ರೀತಿ ವಿಧಿಸುವ ವರೆಗೆ ಕೊಡಗಿನ ಲೆಜಿಸ್ಲೇಟಿವ್ ಕೌನ್ಸಿಲಿನ ರಚನೆಯೂ ಅಧಿಕಾರಗಳೂ ಸಂವಿಧಾನವು ಪ್ರಾರಂಭವಾಗುವ ಮೊದಲು ಹೇಗಿದ್ದುವೋ ಹಾಗೆಯೇ ಇರತಕ್ಕುವು; ಕೊಡಗಿನ ಆದಾಯವ್ಯಯಗಳ ಏರ್ಪಾಡೂ ರಾಷ್ಟ್ರಪತಿಗಳು ಬೇರೆ ಆಜ್ಞೆಯನ್ನು ಮಾಡುವ ವರೆಗೆ ಹಾಗೆಯೇ ನಡೆಯತಕ್ಕದ್ದು, ಎಂದು ಅದರ ತಾತ್ಪರ್ಯ. ಗೌರವವಂತೂ ದೊಡ್ಡದು. ಆದರೆ ಒಳಹೊಕ್ಕು ನೋಡಿದರೆ, 1924 ರಲ್ಲಿ ಪರಕೀಯ ಸರ್ಕಾರವು ಕೊಟ್ಟ, ಮಂತ್ರಿಗಳಿಲ್ಲದ ಆ ಸಭೆಯನ್ನೇ ಸ್ವತಂತ್ರ ಗಣರಾಜ್ಯದ ಸಂವಿಧಾನವು ಸ್ವಲ್ಪ ಕಾಲ ಸಂರಕ್ಷಿಸಿದಂತಾಯಿತು. ಇನ್ನು ರಾಜ್ಯಸಭೆಯ ವಿಚಾರ. ನಾಲ್ಕನೆಯ ಅನುಸೂಚಿಯಲ್ಲಿ ಅಜಮೇರಿಗೂ ಕೊಡಗಿಗೂ ಸೇರಿ ಒಂದೇ ಸ್ಥಾನವನ್ನು ಕೊಟ್ಟಿದ್ದಿತು! ಪುಷ್ಕರ ತೀರ್ಥದ ನೆರೆಯ ಮರುಭೂಮಿಗೂ ತಲಕಾವೇರಿಯ ಮಳೆಕಾಡಿಗೂ ಎಂತಹ ಸಮಾನ ಹಿತವನ್ನು ಶಾಸನಕರ್ತರು ಕಂಡರೋ ತಿಳಿಯದು. ಎರಡೂ ಚಿಕ್ಕವು, ಎರಡೂ ಚೀಫ್ ಕಮಿಷನರರ ಕೈಕೆಳಗಿನವು. ಲೆಕ್ಕಕ್ಕೆ ಅಷ್ಟು ಸಾಕಾಯಿತೆಂದು ತೋರುತ್ತದೆ.

1951 ರಲ್ಲಿ ಪಾರ್ಲಿಮೆಂಟು ‘ಸಿ’ ಭಾಗದ ರಾಜ್ಯಗಳ ಸರ್ಕಾರದ ಆಕ್ಟನ್ನು ಅಂಗೀಕರಿಸಿತು. ಅಜಮೇರು, ಭೋಪಾಲ, ಕೊಡಗು, ದೆಹಲಿ, ಹಿಮಾಚಲ ಪ್ರದೇಶ, ವಿಂಧ್ಯ ಪ್ರದೇಶ, ಈ ಆರಕ್ಕೆ ಶಾಸನಸಭೆಗಳು ದೊರೆತುವು. ವಿಂಧ್ಯ ಪ್ರದೇಶಕ್ಕೆ 60, ದೆಹಲಿಗೆ 48, ಹಿಮಾಚಲಕ್ಕೆ 36, ಅಜಮೇರಿಗೂ ಭೋಪಾಲಕ್ಕೂ ತಲಾ 30 ಸ್ಥಾನಗಳು. ಎಲ್ಲಕ್ಕಿಂತ ಚಿಕ್ಕದಾದ ಕೊಡಗಿನ ಸಭೆಗೆ 24. ಪ್ರಾಪ್ತವಯಸ್ಕರಾದ ಸ್ತ್ರೀಪುರುಷರೆಲ್ಲರಿಗೂ, ಜಮ್ಮಾ ಒಕ್ಕಲಿಗೂ ತೋಟದ ಕೂಲಿಗೂ, ಸಮಾನವಾದ ಮತವು ಬಂದಿತು. ಕೊಡಗಿನ ಇತಿಹಾಸದಲ್ಲಿ ಇದಕ್ಕಿಂತ ದೊಡ್ಡ ರಾಜ್ಯಾಂಗ ಪರಿವರ್ತನೆಯು ಹಿಂದೆ ಆದುದಿಲ್ಲ.

ಹಾಗಿದ್ದರೂ ಆ ಆಕ್ಟಿನಲ್ಲಿ ಕೊಟ್ಟುದಕ್ಕಿಂತ ಬಿಗಿಹಿಡಿದುದೇ ಹೆಚ್ಚೆಂದು ಹೇಳಬೇಕಾಗಿದೆ. ಮುಖ್ಯಮಂತ್ರಿಯನ್ನು ನೇಮಿಸುವವರು ರಾಷ್ಟ್ರಪತಿಗಳು. ಮಂತ್ರಿಮಂಡಲದ ಸಭೆಯಲ್ಲಿ ಚೀಫ್ ಕಮಿಷನರರು ಹಾಜರಿದ್ದರೆ ಅಧ್ಯಕ್ಷಪೀಠವು ಅವರದೇ. ಚುನಾಯಿತನಾದ ಮುಖ್ಯಮಂತ್ರಿಯು ಪಕ್ಕದ ಕುರ್ಚಿಯಲ್ಲಿ ಕುಳಿತುಕೊಳ್ಳಬೇಕು. ಅವರಿಗೂ ಮಂತ್ರಿಗಳಿಗೂ ಭಿನ್ನಾಭಿಪ್ರಾಯವುಂಟಾದರೆ ವಿಷಯವು ದೆಹಲಿಗೆ ಹೋಗತಕ್ಕದ್ದು. ಸಭೆಯು ಅಂಗೀಕರಿಸಿದ ಮಸೂದೆಯು ಯಾವುದೇ ಇರಲಿ, ಅದನ್ನು ರಾಷ್ಟ್ರಪತಿಗಳ ಅಂಕಿತಕ್ಕಾಗಿ ಕಾದಿರಿಸಲೇಬೇಕು. ಸಂವಿಧಾನದ ರಾಜ್ಯಪಟ್ಟಿಯಲ್ಲಿರುವ ವಿಷಯದಲ್ಲಿಯೂ ಪಾರ್ಲಿಮೆಂಟಿನ ಶಾಸನಕ್ಕೆ ವಿರೋಧವಾದರೆ ಈ ಸಭೆಯ ಶಾಸನವು ನಿಲ್ಲದು. ಹಿಂದೆ ಬಾಯಿಯಿದ್ದು ಕೈಯಿಲ್ಲದ ಸಭೆಗೆ ಈಗ ಕೈ ಬಂದಿತು, ಆದರೆ ಮಣಿಕಟ್ಟನ್ನು ಮತ್ತೊಬ್ಬರು ಹಿಡಿದೇ ಇದ್ದರು.

1952 ರ ಚುನಾವಣೆಯು ಈ ಚೌಕಟ್ಟಿನಲ್ಲಿ ನಡೆಯಿತು. ಕ್ಷೇತ್ರಗಳು 18, ಅವುಗಳಲ್ಲಿ 6 ಕ್ಷೇತ್ರಗಳು ತಲಾ ಇಬ್ಬರು ಸದಸ್ಯರನ್ನು ಕಳುಹಿಸತಕ್ಕುವು. ಎರಡು ಪಕ್ಷಗಳಿಗೂ ನಡುವೆ ಇದ್ದ ಮುಖ್ಯವಾದ ವಿವಾದವು ಒಂದೇ: ಕೊಡಗು ತಾನಾಗಿ ಉಳಿಯಬೇಕೇ, ನೆರೆಯ ಕನ್ನಡ ನಾಡಿನಲ್ಲಿ ವಿಲೀನವಾಗಬೇಕೇ? ಪೂಣಚ್ಚನವರ ಮುಖಂಡತ್ವದಲ್ಲಿ ಕಾಂಗ್ರೆಸ್ಸು ವಿಲೀನದ ಪರವಾಗಿ ನಿಂತಿತು. ತಕ್ಕಡಿಯ ಚಿಹ್ನೆಯಿಂದ ಸ್ವತಂತ್ರರಾಗಿ ಸ್ಪರ್ಧಿಸಿದುದರಿಂದ ತಕ್ಕಡಿ ಪಕ್ಷವೆಂದೇ ಹೆಸರಾದ ಎದುರು ಪಕ್ಷಕ್ಕೆ ಬೆಳ್ಯಪ್ಪನವರು ನಾಯಕರಾದರು. ಇಬ್ಬರೂ ಗಾಂಧೀಜಿಯವರ ಅನುಯಾಯಿಗಳು, ಇಬ್ಬರೂ ಸ್ವಾತಂತ್ರ್ಯ ಸಂಗ್ರಾಮದಲ್ಲಿ ಸೆರೆಮನೆಯನ್ನು ಕಂಡವರು. ಕನ್ನಡ ಪತ್ರಿಕೆಯನ್ನು ಹುಟ್ಟಿಸಿ ಬೆಳೆಯಿಸಿದವರೇ ಕನ್ನಡ ರಾಜ್ಯದಲ್ಲಿ ಸೇರುವುದನ್ನು ವಿರೋಧಿಸಿದರೆಂದರೆ, ಆ ವಿರೋಧವು ಭಾಷಾದ್ವೇಷದಿಂದ ಹುಟ್ಟಿದುದಲ್ಲವೆಂಬುದು ಸಿದ್ಧವಾಗುತ್ತದೆ. ದೊಡ್ಡ ಕೆರೆಯಲ್ಲಿ ಬಿದ್ದ ಬಿಂದಿಗೆಯ ನೀರನ್ನು ಮತ್ತೆ ಬೇರ್ಪಡಿಸಲಾಗದೆಂಬ ಭಯವೇ ಅದರ ಮೂಲ.

ಫಲಿತಾಂಶವು ಹೀಗೆ: ಕಾಂಗ್ರೆಸ್ಸಿಗೆ 15 ಸ್ಥಾನಗಳು, ಸ್ವತಂತ್ರರಿಗೆ 9. ಲೋಕಸಭೆಯ ಒಂದೇ ಸ್ಥಾನವೂ ಕಾಂಗ್ರೆಸ್ಸಿನ ನಿಡ್ಯಮಲೆ ಸೋಮಣ್ಣನವರಿಗೆ ಸಂದಿತು. ಮಾರ್ಚ್ 27 ರಂದು ಪೂಣಚ್ಚನವರು ಮುಖ್ಯಮಂತ್ರಿಗಳಾದರು; ಅವರೊಡನೆ ಕೆ. ಮಲ್ಲಪ್ಪನವರು ಮಂತ್ರಿಗಳಾದರು. ಇಡೀ ಮಂತ್ರಿಮಂಡಲವೇ ಈ ಇಬ್ಬರದು. ಬಹುಮತವು ವಿಲೀನದ ಪರವೆಂಬುದು ನಿರ್ವಿವಾದ. ಆದರೆ 1834 ರ ಏಕಾಭಿಪ್ರಾಯಕ್ಕೂ 1952 ರ 15 ಮತ್ತು 9 ಕ್ಕೂ ಇರುವ ಅಂತರವನ್ನು ಗಮನಿಸಬೇಕು. ಪ್ರಜೆಗಳನ್ನು ನಿಜವಾಗಿ ಕೇಳಿದಾಗ ಅವರು ಏಕಾಭಿಪ್ರಾಯದಿಂದ ಮಾತನಾಡಲಿಲ್ಲ. ಮತ್ತೊಂದು ಮಾತು. ಚುನಾವಣೆಯಲ್ಲಿ ಮತದಾರನು ಅಭ್ಯರ್ಥಿಯನ್ನೂ, ಪಕ್ಷವನ್ನೂ, ಸ್ವಾತಂತ್ರ್ಯವನ್ನು ತಂದುಕೊಟ್ಟ ಕಾಂಗ್ರೆಸ್ಸೆಂಬ ಕೀರ್ತಿಯನ್ನೂ, ಮನೆತನದ ನಂಟನ್ನೂ ಒಟ್ಟಿಗೆ ತೂಗುತ್ತಾನೆ; ವಿಲೀನವೆಂಬ ಒಂದೇ ಪ್ರಶ್ನೆಯನ್ನು ಬಿಡಿಸಿ ಅವನ ಮುಂದಿಟ್ಟುದಿಲ್ಲ. ಕೇಂದ್ರಾಡಳಿತದಲ್ಲಿದ್ದ ಗೋವೆಯಲ್ಲಿ 1967 ನೆಯ ಜನವರಿ 16 ರಂದು ಮಹಾರಾಷ್ಟ್ರದೊಡನೆ ವಿಲೀನದ ಪ್ರಶ್ನೆಯನ್ನು ಹಾಗೆ ಬಿಡಿಸಿಯೇ ಕೇಳಿದರು. ಜನರು 34,021 ಮತಗಳ ಅಂತರದಿಂದ ಬೇಡವೆಂದರು. ಕೊಡಗಿನಲ್ಲಿ ಕೇಳಿದ್ದರೆ ಬಹುಶಃ ಬೇಕೆಂದೇ ಉತ್ತರ ಬರುತ್ತಿದ್ದಿತು. ಬಂದಿದ್ದರೆ ತಕ್ಕಡಿಯ ಕಡೆಯವರಿಗೆ ಮುಂದೆ ದೂರಲು ಅವಕಾಶವು ಉಳಿಯುತ್ತಿರಲಿಲ್ಲ.

1953 ರ ಡಿಸೆಂಬರಿನಲ್ಲಿ ಫಜಲ್ ಅಲಿ, ಹೃದಯನಾಥ ಕುಂಜ್ರು, ಕೆ. ಎಂ. ಪಣಿಕ್ಕರ್ ಈ ಮೂವರ ರಾಜ್ಯ ಪುನರ್ವಿಂಗಡಣಾ ಆಯೋಗವು ನೇಮಕವಾಯಿತು. 1955 ರ ಸೆಪ್ಟೆಂಬರಿನಲ್ಲಿ ವರದಿಯನ್ನು ಒಪ್ಪಿಸಿತು. ‘ಸಿ’ ಭಾಗದ ರಾಜ್ಯಗಳೆಂಬ ವರ್ಗವೇ ಉಳಿಯತಕ್ಕದ್ದಲ್ಲವೆಂಬುದು ಆಯೋಗದ ಅಭಿಪ್ರಾಯ. ಅಷ್ಟು ಚಿಕ್ಕ ಘಟಕಗಳಿಗೆ ಮಂತ್ರಿಮಂಡಲ, ಶಾಸನಸಭೆ, ಸಚಿವಾಲಯಗಳ ವೆಚ್ಚವು ಭಾರವೆಂಬ ವಾದವನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. 1951 ರಲ್ಲಿ ಕೊಡಗಿನ ಜನಸಂಖ್ಯೆಯು 2,29,405 ಮಾತ್ರ. ಕೊಡಗನ್ನು ಕರ್ನಾಟಕ ರಾಜ್ಯಕ್ಕೆ ಸೇರಿಸಬೇಕೆಂದು ಆಯೋಗವು ಸೂಚಿಸಿತು. ಕೊಡವ ಭಾಷೆ, ಅರೆಭಾಷೆ, ತುಳು, ಮಲಯಾಳಗಳನ್ನಾಡುವ ಜನರು ಬೆರೆತಿರುವ ಆ ನಾಡಿನಲ್ಲಿ ಕಚೇರಿಗೂ ಪಾಠಶಾಲೆಗೂ ಎಲ್ಲರಿಗೂ ಸಾಧಾರಣವಾದ ಭಾಷೆಯು ಹಾಲೇರಿ ಅರಸರ ಕಾಲದಿಂದಲೂ ಕನ್ನಡವೇ ಆಗಿದ್ದಿತು. ಹುಕುಂನಾಮೆಯ ಕನ್ನಡವು ನೂರಿಪ್ಪತ್ತು ವರ್ಷಗಳ ಮೇಲೆ ಸಾಕ್ಷಿ ನುಡಿಯಿತು.

ಸಂವಿಧಾನದ ಏಳನೆಯ ತಿದ್ದುಪಡಿಯೂ ರಾಜ್ಯ ಪುನರ್ವಿಂಗಡಣಾ ಆಕ್ಟೂ 1956 ನೆಯ ನವೆಂಬರ್ 1 ರಂದು ಜಾರಿಗೆ ಬಂದುವು. ಎ, ಬಿ, ಸಿ ಎಂಬ ವರ್ಗಭೇದವು ಅಳಿಯಿತು. 242 ನೆಯ ಅನುಚ್ಛೇದವು ಸಂವಿಧಾನದಿಂದ ಲುಪ್ತವಾಯಿತು. ಕೊಡಗು ವಿಶಾಲ ಮೈಸೂರು ರಾಜ್ಯದ ಒಂದು ಜಿಲ್ಲೆಯಾಯಿತು; ಆ ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದುದು 1973 ರಲ್ಲಿ. ಸುಳ್ಯ ಪುತ್ತೂರುಗಳೂ ಅದೇ ದಿನ ದಕ್ಷಿಣ ಕನ್ನಡದೊಡನೆ ಅದೇ ರಾಜ್ಯಕ್ಕೆ ಬಂದುದರಿಂದ, 1834 ರಲ್ಲಿ ಅಗಲಿದ್ದ ಎರಡು ಸೀಮೆಗಳೂ ಬೇರೆ ಬೇರೆ ಜಿಲ್ಲೆಗಳಾಗಿಯಾದರೂ ಒಂದೇ ಸೂರಿನ ಕೆಳಗೆ ಸೇರಿದುವು. ಜವಾಬ್ದಾರಿ ಸರ್ಕಾರವು ಕೊಡಗಿನಲ್ಲಿ ಪ್ರತ್ಯೇಕವಾಗಿ ಬಾಳಿದ ಕಾಲವು ನಾಲ್ಕು ವರ್ಷ ಏಳು ತಿಂಗಳು.

ಒಡಹುಟ್ಟಿದ ರಾಜ್ಯಗಳ ಗತಿಯು ನಾನಾ ವಿಧವಾಯಿತು. ಅಜಮೇರು ರಾಜಸ್ಥಾನದಲ್ಲಿ, ಭೋಪಾಲವೂ ವಿಂಧ್ಯವೂ ಮಧ್ಯಪ್ರದೇಶದಲ್ಲಿ ಅಡಗಿದುವು. ಹಿಮಾಚಲವು ಕೇಂದ್ರಾಡಳಿತ ಪ್ರದೇಶವಾಗಿ ಉಳಿದು 1971 ರಲ್ಲಿ ಪೂರ್ಣ ರಾಜ್ಯವಾಯಿತು. ದೆಹಲಿಯು 1956 ರಲ್ಲಿ ಶಾಸನಸಭೆಯನ್ನು ಕಳೆದುಕೊಂಡು, 1991 ರ 69 ನೆಯ ತಿದ್ದುಪಡಿಯಿಂದ ಅದನ್ನು ಮರಳಿ ಪಡೆಯಿತು. ಚಿಕ್ಕದೆಂಬ ಕಾರಣವು ಎಲ್ಲರಿಗೂ ಒಂದೇ ಬಗೆಯಾಗಿ ಅನ್ವಯಿಸಲಿಲ್ಲವೆಂಬುದು ಇದರಿಂದ ವ್ಯಕ್ತವಾಗುತ್ತದೆ.

ಪೂಣಚ್ಚನವರು ಮುಂದೆ ಮೈಸೂರಿನಲ್ಲಿ ಮಂತ್ರಿಗಳಾಗಿ, ಕೇಂದ್ರದಲ್ಲಿ ರೈಲ್ವೆ ಸಚಿವರಾಗಿ, ಮಧ್ಯಪ್ರದೇಶದಲ್ಲಿಯೂ ಒರಿಸ್ಸಾದಲ್ಲಿಯೂ ರಾಜ್ಯಪಾಲರಾಗಿ ಸೇವೆ ಸಲ್ಲಿಸಿದರು. 1899 ರ ಕಂದಾಯದ ರೆಗ್ಯುಲೇಷನ್ನಿಗೆ ಬದಲಾಗಿ 1964 ರ ಭೂಕಂದಾಯದ ಆಕ್ಟು ಬಂದಿತು. ಕಬ್ಬನನು ಕೊಟ್ಟ ಆಯುಧದ ವಿನಾಯಿತಿಯು ಮಾತ್ರ ಅರಸು, ಕಂಪೆನಿ, ಕೌನ್ಸಿಲು, ‘ಸಿ’ ಭಾಗ ಎಲ್ಲವೂ ಹೋದ ಮೇಲೆಯೂ ನಿಂತಿತು. ಕೇಂದ್ರ ಸರ್ಕಾರವು 2019 ರಲ್ಲಿ ಅದನ್ನು ಇನ್ನೂ ಹತ್ತು ವರ್ಷಗಳಿಗೆ ಮುಂದುವರಿಸಿತು. 24 ಮಂದಿಯನ್ನು ಕಳುಹಿಸಿದ್ದ ನಾಡಿನಿಂದ 2008 ರ ಕ್ಷೇತ್ರ ವಿಂಗಡಣೆಯ ತರುವಾಯ ಕರ್ನಾಟಕದ ವಿಧಾನಸಭೆಗೆ ಹೋಗುವವರು ಇಬ್ಬರು, ಮಡಿಕೇರಿಯಿಂದೊಬ್ಬರು, ವಿರಾಜಪೇಟೆಯಿಂದೊಬ್ಬರು. ಲೋಕಸಭೆಗೆ ಮೈಸೂರಿನೊಡನೆ ಸೇರಿ ಒಬ್ಬರು.